ಸವತಿಯ ಮುಖಕ್ಕೊಂದು ಲೆನ್ಸು

ಮಡಿಕೇರಿ ಕಡೆಗೆ ಹೋಗುವ ಮೊದಲ ಬಸ್ಸು ಪಿರಿಯಾಪಟ್ಟಣಕ್ಕೆ ಬರುವಷ್ಟರಲ್ಲಿ ಸುಧಾ ತಮ್ಮ ಕೆಲಸ ಮುಗಿಸಿಕೊಳ್ಳಬೇಕು. ಬಸ್ಸು ಬಂತೆಂದರೆ ರಸ್ತೆಬದಿಯ ಅಂಗಡಿಯ ನೆಲ ಅದುರುತ್ತದೆ. ನೆಲದ ಜೊತೆ ಮೇಜು, ಮೇಜಿನ ಜೊತೆ ಕ್ಯಾಮೆರಾ. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಸಾಕು, ಸತ್ತವರ ಕಣ್ಣು ಮಸುಕಾಗಿಬಿಡುತ್ತದೆ. ಹಾಗಾಗಿ ಟೀ ಅಂಗಡಿಯವನು ಒಲೆ ಹಚ್ಚುವ ಹೊತ್ತಿಗೇ ‘ದೇವಿ ಫೋಟೋ ಸ್ಟುಡಿಯೋ’ದ ಬಾಗಿಲು ಅರ್ಧ ಮೇಲೇರುತ್ತದೆ. ಸುಧಾ ಬಗ್ಗಿ ಒಳಗೆ ಹೋಗುತ್ತಾರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ, ದೇವರ ಪಟಕ್ಕೆ ಕೈಮುಗಿಯುವುದನ್ನೂ ಆಮೇಲಕ್ಕೆ ಇಟ್ಟುಕೊಂಡು ಮೇಜಿನ ಎರಡೂ ಬದಿಯ ದೀಪ ಹಾಕುತ್ತಾರೆ.

ಮೇಜಿನ ಮೇಲೆ ಇವತ್ತು ಇರುವುದು ಒಂದು ಓಟಿನ ಕಾರ್ಡು. ಅದರ ಮೂಲೆಯಲ್ಲಿ ಹುಣಸೆಬೀಜಕ್ಕಿಂತ ಚೂರು ದೊಡ್ಡದಾದ ಒಂದು ಮುಖ. ಕಂಪಲಾಪುರದ ನಂಜಯ್ಯನವರ ತಾಯಿಯದು. ಹೋದ ವಾರ ತೀರಿಕೊಂಡರು, ನಾಡಿದ್ದು ತಿಥಿ. ಒಂದು ತುಂಬು ಆಯುಷ್ಯ ಬದುಕಿ, ಐದು ಮಕ್ಕಳನ್ನು ಸಾಕಿ ಹೋದ ಹೆಂಗಸಿನ ಮುಖ ಉಳಿದಿರುವುದು ಇಷ್ಟೇ ಜಾಗದಲ್ಲಿ. ಅದನ್ನು ಗೋಡೆಗೆ ಹಾಕಿ ಹಾರ ತೊಡಿಸುವಷ್ಟು ದೊಡ್ಡದು ಮಾಡಿಕೊಡಬೇಕು.

ಫೋಟೋ ಹಿಗ್ಗಿಸುವ ಹಳೆಯ ಎನ್‌ಲಾರ್ಜರಿನ ಕಬ್ಬಿಣದ ಕಂಬಕ್ಕೆ ಕ್ಯಾಮೆರಾವನ್ನು ಕೆಳಮುಖವಾಗಿ ಬಿಗಿದಿದ್ದಾರೆ. ಕಾರ್ಡಿನ ಪ್ಲಾಸ್ಟಿಕ್ಕು ದೀಪಕ್ಕೆ ಹೊಳೆಯದ ಹಾಗೆ ಒಂದು ಕಪ್ಪು ಬಟ್ಟೆಯನ್ನು ಅಡ್ಡ ಹಿಡಿಯುತ್ತಾರೆ. ಲೆನ್ಸಿನ ಬಳೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತ ಹೋದಂತೆ ಮಂಜಿನೊಳಗಿಂದ ಮುದುಕಿ ಎದ್ದು ಬರುತ್ತಾರೆ. ಹೊರಗಿನ ಬೆಂಚಿನ ಮೇಲೆ, ಹಾಲಿನ ವ್ಯಾನು ಹತ್ತಿ ಬಂದ ನಂಜಯ್ಯ ಕೂತಿದ್ದಾರೆ.

“ನಿಮ್ಮವ್ವಾರಿಗೆ ಮೂಗುಬೊಟ್ಟು ಯಾವ ಕಡೀಕಿತ್ತು ನಂಜಯ್ಯಣ್ಣ?”

“ಎಡಕ್ಕೇ ಇರಬೇಕು ಕಣವ್ವಾ...” ನಂಜಯ್ಯ ತಮ್ಮ ಮೂಗನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ. “ಅಲ್ಲಲ್ಲ, ಬಲಕ್ಕೆ. ತಡಿ. ದಿನಾ ನೋಡ್ತಿದ್ದೆ, ಈಗ ಗೆಪ್ತಿಗೇ ಬತ್ತಿಲ್ಲ ನೋಡು.”

“ಬುಡಿ, ಇದ್ರಲ್ಲೇ ಕಾಣ್ತದೆ. ಬಲಕ್ಕೆ.”

ಉಸಿರು ಹಿಡಿದು ಒಂದು, ಎರಡು, ಮೂರು ಸಲ ಕ್ಲಿಕ್. ಆಮೇಲೆಯೇ ದೇವರಿಗೆ ಊದುಬತ್ತಿ. “ಮಕ್ಳಿಗೇ ಮರ್ತೋಗಿರ್ತದೆ ಕಣ್ರೀ,” ಎನ್ನುತ್ತಾರೆ ಸುಧಾ. “ದಿನಾ ಕಾಣೋ ಮುಖಾನ ಯಾರೂ ನೋಡಾಕಿಲ್ಲ.”

ವಾರಕ್ಕೆ ಎಂಟು ಹತ್ತು ಮುಖ ಹೀಗೆ ಅವರ ಮೇಜಿಗೆ ಬರುತ್ತವೆ. ಕೇರಳದ ಗಡಿಯ ಎನ್. ಬೇಗೂರಿನಿಂದ ಹಿಡಿದು ಸುಧಾ ಅವರ ತವರಾದ ಚುಂಚನಕಟ್ಟೆಯವರೆಗೆ ಜನ ಹುಡುಕಿಕೊಂಡು ಬರುತ್ತಾರೆ. ಓಟಿನ ಕಾರ್ಡು, ಪಾಸ್‌ಬುಕ್ಕಿನ ಫೋಟೋ, ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಅರ್ಧ ಮರೆಯಾದ ಮುಖ. ತಾಲ್ಲೂಕಿನ ಎಷ್ಟೋ ಮನೆಗಳ ಗೋಡೆಯ ಮೇಲಿರುವ ಅಜ್ಜ ಅಜ್ಜಿಯರನ್ನು ಮತ್ತೆ ಹಡೆದವರು ಇವರು. ಆದರೆ ಚೌಕಟ್ಟಿನ ಕೆಳಗೆ ಸತ್ತವರ ಹೆಸರಿರುತ್ತದೆ, ಮಾಡಿಸಿದವರ ಹೆಸರಿರುತ್ತದೆ, ಸುಧಾ ಹೆಸರು ಎಲ್ಲೂ ಇರುವುದಿಲ್ಲ.

ಕಂಬಕ್ಕೆ ಬಿಗಿದ ಕ್ಯಾಮೆರಾದ ಮೂತಿಯಲ್ಲಿ ಇರುವುದು ಒಂದು ಮ್ಯಾಕ್ರೊ ಲೆನ್ಸು. ಹತ್ತಿರದ ಸಣ್ಣ ವಸ್ತುವನ್ನು ಮೂಲೆ ಮೂಲೆಯೂ ಚೂಪಾಗಿ ಹಿಡಿಯುವಂಥದು. ಮೈಯೆಲ್ಲ ಬಣ್ಣ ಹೋಗಿ ಹಿತ್ತಾಳೆ ಕಾಣುವ, ಬೇರೆ ಯಾರೋ ಬಳಸಿ ಬಿಟ್ಟ ಲೆನ್ಸು. ಇದು ಹೇಗೆ ಬಂತು ಎಂದು ಕೇಳಿದರೆ ಸುಧಾ ಮುಖ ಮರೆಸುವುದಿಲ್ಲ.

“ಒಟ್ಟೆಕಿಚ್ಚಿಂದ ತಗಂಡಿದ್ದು ಕಣ್ರೀ. ಸುಳ್ ಯಾಕ್ ಯೋಳ್ಳಿ?”

ಸುಧಾ ಈ ಮನೆಗೆ ಬಂದದ್ದು ತೊಂಬತ್ತರಲ್ಲಿ, ಉಮಾಶಂಕರ ಅವರಿಗೆ ಎರಡನೇ ಸಂಬಂಧವಾಗಿ. ಮೊದಲ ಹೆಂಡತಿ ದೇವೀರಮ್ಮ ಮದುವೆಯಾದ ವರ್ಷದೊಳಗೇ ಕಾಮಾಲೆಯಾಗಿ ತೀರಿಕೊಂಡಿದ್ದಳು. ಇದೆಲ್ಲ ಹೇಳಿಯೇ ಮದುವೆಯಾಗಿತ್ತು, ಮೋಸವೇನೂ ಇರಲಿಲ್ಲ. ಹೇಳದೆ ಉಳಿದದ್ದು ಒಂದೇ. ಸ್ಟುಡಿಯೋದ ಬೋರ್ಡಿನ ಮೇಲಿನ ‘ದೇವಿ’ ಎಂದರೆ ಚಾಮುಂಡಿ ಎಂದುಕೊಂಡು ಸುಧಾ ಮೊದಲ ವರ್ಷ ದಿನಾ ಬೆಳಿಗ್ಗೆ ಆ ಬೋರ್ಡಿಗೂ ಒಂದು ನಮಸ್ಕಾರ ಹಾಕುತ್ತಿದ್ದರು. ಒಂದು ದಿನ ಪಕ್ಕದ ಬಟ್ಟೆ ಅಂಗಡಿಯ ಪ್ರೇಮಮ್ಮ ನಕ್ಕರು. “ಅಯ್ಯೋ, ನೀನ್ಯಾಕಮ್ಮಿ ಅದಕ್ಕೆ ಕೈಮುಗೀತೀಯ? ಅದು ನಿನ್ ಸವತಿ ಹೆಸರು. ಅವ್ಳು ಹೋದಾಗ ಒಂದ್ ಪಟಾನೂ ಇಲ್ವಲ್ಲ ಅಂತ ಕೊರಗಿ ಕೊರಗೀನೆ ನಿಮ್ಮೆಜಮಾನ್ರು ಕ್ಯಾಮೆರಾ ಹಿಡಿದಿದ್ದು.”

ಅವತ್ತಿನಿಂದ ಬೋರ್ಡಿನ ಕೆಳಗೆ ಹಾಯುವಾಗ ಸುಧಾ ತಲೆ ಎತ್ತುತ್ತಿರಲಿಲ್ಲ. ಗಂಡ ಕೆಟ್ಟವರಲ್ಲ. ಮದುವೆ ಮುಂಜಿಗಳ ಫೋಟೋ ತೆಗೆಯಲು ಊರೂರು ಸುತ್ತುತ್ತಿದ್ದರು, ಮಾತು ಕಡಿಮೆ, ಕೈ ಎತ್ತಿದವರಲ್ಲ. ಅಂಗಡಿ ನೋಡಿಕೊಳ್ಳುತ್ತ ಸುಧಾ ಫಿಲ್ಮು ತೊಳೆಯುವುದು, ಪ್ರಿಂಟು ಹಾಕುವುದು ಎಲ್ಲ ಅವರಿಂದಲೇ ಕಲಿತರು. ಸಣ್ಣ ಫೋಟೋಗಳನ್ನು ದೊಡ್ಡದು ಮಾಡುವ ಕಾಪಿ ಕೆಲಸವಂತೂ ಗಂಡನಿಗಿಂತ ಚೆನ್ನಾಗಿ ಕೈಹತ್ತಿತು. ಆದರೂ ಒಂದು ಮುಳ್ಳು ಒಳಗೇ ಇತ್ತು. “ಇರೋ ಸವತಿ ಆದ್ರೆ ಜಗಳಾನಾದ್ರೂ ಆಡಬೋದು. ಸತ್ತೋಳ ಜೊತೆ ಏನಾಡ್ತೀರಿ? ಅವ್ಳು ಒಂದಿನ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ಲು ಅಂತ ಈ ಮನೇಲಿ ಯಾರೂ ಯೋಳಾಕಿಲ್ಲ.”

ತೊಂಬತ್ತಾರರ ಪಿತೃಪಕ್ಷ ಹತ್ತಿರ ಬಂದಾಗ ಅತ್ತೆ ಚಿಕ್ಕಬೀರಮ್ಮ ಒಂದು ಮಾತು ತೆಗೆದರು. ಗಂಡನ ತಂಗಿಯ ಮದುವೆಯಲ್ಲಿ ಯಾರೋ ತೆಗೆದಿದ್ದ ಒಂದು ಗುಂಪು ಫೋಟೋ ಆ ವರ್ಷವಷ್ಟೇ ಅವರ ಕೈಗೆ ಸಿಕ್ಕಿ ಪೆಟ್ಟಿಗೆ ಸೇರಿತ್ತು. ಅದರಲ್ಲಿ ಎರಡನೇ ಸಾಲಿನ ಕೊನೆಗೆ ದೇವೀರಮ್ಮ ನಿಂತಿದ್ದಳು.

“ಎಲ್ಲಾರ್ದೂ ಪಟ ಅದೆ, ಆ ಮಗೀದೊಂದಿಲ್ಲ. ಎಡೆ ಇಕ್ಕೋವಾಗ ಗೋಡೆ ನೋಡ್ಕಂಡ್ ಇಕ್ತೀನಿ. ಊರಿಗೆಲ್ಲ ಮಾಡ್ಕೊಡ್ತೀಯಲ್ಲವ್ವಾ, ಇದೊಂದ ಮಾಡ್ಕೊಡು ಸುದಾ.”

“ನನ್ ಕೈಲಾಗಾಕಿಲ್ಲ ಅತ್ತೆ.”

“ಯಾಕವ್ವಾ?”

“ಆಗಾಕಿಲ್ಲ ಅಂದ್ರೆ ಆಗಾಕಿಲ್ಲ. ಬೇರೆ ಎಲ್ಲಾದ್ರೂ ಮಾಡಿಸ್ಕಳಿ.”

ಚಿಕ್ಕಬೀರಮ್ಮ ಫೋಟೋವನ್ನು ಮಗನ ಕೈಗೆ ಕೊಟ್ಟರು. ಉಮಾಶಂಕರ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಹುಣಸೂರಿನ ಬಸ್ಸು ಹತ್ತಿದರು. ಅಲ್ಲಿ ವೀರಭದ್ರಸ್ವಾಮಿಯವರ ದೊಡ್ಡ ಸ್ಟುಡಿಯೋ ಇತ್ತು. ಹಬ್ಬದ ಹಿಂದಿನ ದಿನ ಗಾಜು ಹಾಕಿಸಿದ ಪಟ ಮನೆಗೆ ಬಂತು, ನಡುಮನೆಯ ಗೋಡೆಗೆ ಏರಿತು. ಸುಧಾ ಆ ದಿನವೆಲ್ಲ ಒಲೆಯ ಮುಂದಿನಿಂದ ಏಳಲಿಲ್ಲ.

ಹಬ್ಬ ಕಳೆದ ಮಾರನೆಯ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಸ್ಟೂಲು ಹಾಕಿಕೊಂಡು ಹತ್ತಿದರು. ಸವತಿ ಚೆನ್ನಾಗಿದ್ದಳೋ ಇಲ್ಲವೋ ನೋಡಿಬಿಡೋಣ ಎಂಬುದೊಂದೇ ಮನಸ್ಸು. ಆದರೆ ಕಣ್ಣು ಬಿದ್ದದ್ದು ಬೇರೆ ಕಡೆ. ಕೂದಲು ಎಳೆ ಎಳೆಯಾಗಿ ಕಾಣುತ್ತಿತ್ತು. ರವಿಕೆಯ ಅಂಚಿನ ಹೊಲಿಗೆ ಕಾಣುತ್ತಿತ್ತು. ಸುಧಾ ಆಗ ಬಳಸುತ್ತಿದ್ದದ್ದು ಮಾಮೂಲಿ ಲೆನ್ಸಿನ ಮುಂದೆ ತಿರುಪುವ ಕ್ಲೋಸಪ್ ಗಾಜು. ಅದರಲ್ಲಿ ನಡುವಿನ ಮೂಗು ಸರಿಯಾಗಿ ಬಂದರೆ ಕಿವಿಗಳು ನೀರಿನಲ್ಲಿ ನೆನೆದಂತೆ ಹರಡಿಕೊಳ್ಳುತ್ತಿದ್ದವು. ಇಲ್ಲಿ ಕಿವಿಯ ಓಲೆ ಕೂಡ ಕೆತ್ತಿಟ್ಟ ಹಾಗಿತ್ತು.

“ಅವ್ಳ ಮೇಲಿನ ಒಟ್ಟೆಕಿಚ್ಚು ಒಂದ್ ಕಡೀಕಾಯ್ತು, ಆ ಕೆಲಸದ ಮೇಲಿನ ಒಟ್ಟೆಕಿಚ್ಚು ಇನ್ನೊಂದ್ ಕಡೀಕೆ. ಎರಡೂ ಸೇರ್ಕಂಡ್ ಅನ್ನ ಇಳೀಲಿಲ್ಲ ಕಣ್ರೀ ನಂಗೆ. ನನ್ ಮನೆ ಗೋಡೆ ಮೇಲೆ ಇನ್ನೊಬ್ನ ಕೈಗುಣ!”

ಎರಡು ದಿನ ಬಿಟ್ಟು, ಪಟದ ಮುಂದೆ ಕೂತಿದ್ದ ಅತ್ತೆ ತಮಗೆ ತಾವೇ ಎಂಬಂತೆ ಅಂದರು. “ಚೆಂದಾಗವ್ಳೆ. ಚೆಂದಾಗವ್ಳೆ, ಆದ್ರೆ ನಮ್ ದೇವೀರಿ ಅಲ್ಲ ಬುಡು.”

ಸುಧಾ ಕಸಬರಿಕೆ ಹಿಡಿದಿದ್ದ ಕೈ ನಿಲ್ಲಿಸಿದರು. “ಯಾಕತ್ತೆ?”

“ಎಡಗಡೆ ಉಬ್ಬಿನ ಮ್ಯಾಲೆ ಗಾಯ ಇತ್ತು ಕಣವ್ವಾ. ಚಿಕ್ಕೋಳಾಗಿದ್ದಾಗ ಟಗರು ಆಯ್ದಿತ್ತಂತೆ. ನಗೋವಾಗ ಅದು ಮುಂಚೆ ನಗೋದು, ಬಾಯಿ ಆಮೇಲೆ ನಗೋದು.”

ಪಟದಲ್ಲಿ ಹುಬ್ಬು ನುಣ್ಣಗಿತ್ತು. ಸುಧಾ ಪೆಟ್ಟಿಗೆಯ ಗುಂಪು ಫೋಟೋವನ್ನು ತಾವಾಗಿಯೇ ಅಂಗಡಿಗೆ ಒಯ್ದು ಕ್ಲೋಸಪ್ ಗಾಜು ಹಾಕಿ ನೋಡಿದರು. ಸಾಲಿನ ತುದಿಯ ಆ ಮುಖದಲ್ಲಿ ಹುಬ್ಬಿನ ಜಾಗದಲ್ಲಿ ಒಂದು ಮಸಿ ಬಿದ್ದ ಹಾಗಿತ್ತು, ಅಷ್ಟೆ. ಗಾಯವೋ ನೆರಳೋ ತಿಳಿಯಲಿಲ್ಲ. ಹುಣಸೂರಿನವರು ಅದನ್ನು ಕಂಡಿದ್ದರು, ಕಂಡು ಅಳಿಸಿದ್ದರು. ತನಗೆ ಅದು ಕಾಣುವುದೇ ಇಲ್ಲ. ಸುಧಾ ಅವರನ್ನು ಹೆಚ್ಚು ಚುಚ್ಚಿದ್ದು ಇದೇ.

ಮರುವಾರ ಅವರೇ ಹುಣಸೂರಿಗೆ ಹೋದರು. ಜಗಳ ಆಡುವ ಹುರುಪಿನಲ್ಲೇ ಹೋದದ್ದು. ವೀರಭದ್ರಸ್ವಾಮಿ ಕುರ್ಚಿ ಎಳೆದು ಹಾಕಿ ಕಾಫಿ ತರಿಸಿದರು.

“ಉಮಾಶಂಕರನ ಮನೆಯವರಾ? ಬನ್ನಿ ತಾಯಿ, ಬನ್ನಿ. ಪಟ ಹೆಂಗೆ ಬಂದದೆ?”

“ಚೆನ್ನಾಗೈತೆ. ಉಬ್ಬಿನ ಮೇಲಿನ ಗಾಯ ಎಲ್ಲೋಯ್ತು?”

“ಅದಾ? ಪೆನ್ಸಿಲಲ್ಲಿ ಟಚಿಂಗ್ ಮಾಡಿ ತೆಗೆದ್ಬುಟ್ಟೆ. ಹೋದೋರನ್ನ ಚೆಂದ ಮಾಡಿ ಕೊಟ್ರೆ ಪುಣ್ಯ ಬತ್ತದೆ ಕಣಮ್ಮ.”

ಬೈಯಬೇಕೆಂದರೆ ಮನುಷ್ಯ ಅಷ್ಟು ಒಳ್ಳೆಯವರು. ತಮ್ಮ ಮ್ಯಾಕ್ರೊ ಲೆನ್ಸನ್ನು ಬಿಚ್ಚಿ ಸುಧಾ ಅವರ ಅಂಗೈಯಲ್ಲೇ ಇಟ್ಟರು. ಮತ್ತೆ ಕ್ಯಾಮೆರಾಕ್ಕೆ ಹಾಕಿ, ನಿಮ್ಮ ಬಳೆಯನ್ನೇ ನೋಡಿ ಎಂದರು. ಹಸಿರು ಗಾಜಿನ ಬಳೆಯ ಮೇಲಿನ ಸಣ್ಣ ಬಿರುಕು ಹೊಳೆಯ ಕೊರಕಲಿನ ಹಾಗೆ ಕಂಡಿತು. ಸುಧಾ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

“ಹೊಸದಕ್ಕೆ ಹೋಗ್ಬೇಡಿ, ನಮ್ಮಂಥೋರಿಗೆ ಎಟುಕಲ್ಲ,” ಎಂದರು ವೀರಭದ್ರಸ್ವಾಮಿ. “ಮೈಸೂರಲ್ಲಿ ಹಳೇವು ಸಿಗ್ತವೆ. ಮೈ ನೋಡಿ ಮರುಳಾಗ್ಬೇಡಿ, ಗಾಜು ನೋಡಿ. ಹಿಂದಿನಿಂದ ಟಾರ್ಚ್ ಬಿಡಿ. ಒಳಗೆ ಜೇಡರಬಲೆ ಥರ ಕಂಡ್ರೆ ಬೂಸ್ಟು ಹಿಡಿದದೆ ಅಂತ ಅರ್ಥ. ಕೈಮುಗಿದು ಎದ್ದು ಬಂದ್ಬುಡಿ.”

ಬಸ್ಸಿನಲ್ಲಿ ವಾಪಸು ಬರುವಾಗ ಹೊಟ್ಟೆಕಿಚ್ಚು ಇಮ್ಮಡಿಯಾಗಿತ್ತು. “ಕೆಟ್ಟೋನಾಗಿದ್ರೆ ಒಂದ್ ಸಮಾಧಾನ ಇರೋದು,” ಎಂದು ಈಗ ನಗುತ್ತಾರೆ.

ತವರಿನಿಂದ ಬಳುವಳಿಯಾಗಿ ಬಂದು ಮರಿ ಹಾಕಿ ಬೆಳೆದಿದ್ದ ಕುರಿಗಳನ್ನು ಸುಧಾ ಮಾರಿದರು. ಗಂಡನ ಕ್ಯಾಮೆರಾ ಕೇಳಿದರು. “ಏನಕ್ಕೆ?” ಎಂದರು ಉಮಾಶಂಕರ. “ಹುಣಸೂರ್ನೋರ ಹತ್ರ ಇರೋದು ನಮ್ ಹತ್ರ ಯಾಕಿರಬಾರ್ದು?” ಉಮಾಶಂಕರ ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ಕೊಟ್ಟರು. ಅದರ ಜೊತೆಗೆ ಆ ಗುಂಪು ಫೋಟೋವನ್ನೂ ಸುಧಾ ಬ್ಯಾಗಿಗೆ ಇಟ್ಟುಕೊಂಡದ್ದು ಅವರಿಗೆ ಗೊತ್ತಿರಲಿಲ್ಲ.

ಮೈಸೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಳೆಯ ಕ್ಯಾಮೆರಾ ಮಾರುವ ಒಂದು ಅಂಗಡಿ. ಅವರ ಕ್ಯಾಮೆರಾಕ್ಕೆ ಕೂರುವಂಥ ಮ್ಯಾಕ್ರೊ ಲೆನ್ಸು ಎರಡೇ ಇದ್ದವು. ಒಂದು ಉದ್ದನೆಯದು, ನಿನ್ನೆ ಪೆಟ್ಟಿಗೆಯಿಂದ ತೆಗೆದಂತೆ ಫಳಫಳ. ಇನ್ನೊಂದು ಗಿಡ್ಡದು, ನೆಲಕ್ಕೆ ಬಿದ್ದು ಅಂಚು ತಗ್ಗಾದದ್ದು, ಅಕ್ಷರಗಳೆಲ್ಲ ಸವೆದದ್ದು. ಅಂಗಡಿಯವರು ಮೊದಲನೆಯದನ್ನೇ ಮುಂದಕ್ಕೆ ತಳ್ಳಿದರು. ಸುಧಾ ಎರಡಕ್ಕೂ ಟಾರ್ಚ್ ಬಿಟ್ಟು ನೋಡಿದರು. ಹೊಳೆಯುವುದರ ಒಳಗೆ ಬೂಸ್ಟಿನ ಎಳೆಗಳೇನೂ ಕಾಣಲಿಲ್ಲ, ಆದರೆ ಗಾಜಿನ ಒಳಮೈಗೆ ಯಾರೋ ಉಸಿರು ಬಿಟ್ಟ ಹಾಗೆ ಒಂದು ತೆಳು ಮಬ್ಬು. ಇದ್ದರೆಷ್ಟು ಬಿಟ್ಟರೆಷ್ಟು ಎನ್ನುವಷ್ಟು.

ಅವರು ಗುಂಪು ಫೋಟೋವನ್ನು ಗಾಜಿನ ಕೌಂಟರಿನ ಮೇಲೆ ಬಿಡಿಸಿಟ್ಟರು. ಮೊದಲು ಹೊಳೆಯುವ ಲೆನ್ಸಿನಲ್ಲಿ ಬಗ್ಗಿ ನೋಡಿದರು. ದೇವೀರಮ್ಮ ಹಾಲಿನಲ್ಲಿ ಮಿಂದಂತೆ ಬೆಳ್ಳಗೆ, ನುಣ್ಣಗೆ ಕಂಡಳು. “ಲೇಡೀಸ್ ಮುಖಕ್ಕೆ ಇದೇ ಚೆನ್ನ ಮೇಡಂ, ಕಲೆಗಿಲೆ ಒಂದೂ ಕಾಣಲ್ಲ,” ಎಂದರು ಅಂಗಡಿಯವರು.

ಆಮೇಲೆ ಗಿಡ್ಡದು. ಬಳೆ ತಿರುಗಿಸಿದರು, ಇನ್ನೊಂದು ಚೂರು ತಿರುಗಿಸಿದರು. ಹುಬ್ಬನ್ನು ಸೀಳಿಕೊಂಡು ಹೋದ ಗಾಯ ಥಟ್ಟನೆ ಎದ್ದು ನಿಂತಿತು. ರವಿಕೆಗೆ ಗುಂಡಿ ಕಿತ್ತುಹೋಗಿ ಪಿನ್ನು ಹಾಕಿತ್ತು. ಬಿಸಿಲಿಗೆ ಕಣ್ಣು ಚೂರು ಕಿರಿದಾಗಿತ್ತು. ತುಟಿ ಇನ್ನೂ ನಕ್ಕಿರಲಿಲ್ಲ, ಗಾಯ ಆಗಲೇ ನಗುತ್ತಿತ್ತು. ಅತ್ತೆ ಹೇಳಿದಂತೆಯೇ.

“ಅದುವರ್ಗೂ ಅವ್ಳು ನಂಗೆ ಬರೀ ಹೆಸರಾಗಿದ್ಲು. ಅವತ್ತು ಹುಡುಗಿ ಆದ್ಲು. ಅಂಥ ಮುಖಾನ ಯಾರ್ ತಾನೇ ಮರೀತಾರೆ ಅನ್ನುಸ್ತು. ಇನ್ನೂ ಉರೀತು ನಂಗೆ.”

ಬೆಳ್ಳಗೆ ಕಾಣಿಸಿದ ಲೆನ್ಸನ್ನು ಕೊಂಡಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಅದರಲ್ಲಿ ಮಾಡಿದರೆ ಹುಣಸೂರಿನ ಪಟದಂಥದೇ ಇನ್ನೊಂದು ಪಟವಾಗುತ್ತಿತ್ತು. ವೀರಭದ್ರಸ್ವಾಮಿಯವರನ್ನು ಮೀರಿಸಲೇಬೇಕಿತ್ತು. “ಗಾಯ ಕಾಣೋದು ಕೊಡಿ,” ಎಂದು ಸುಧಾ ಗಿಡ್ಡದನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಉಮಾಶಂಕರ ಕೆ.ಆರ್. ನಗರದ ಮದುವೆಗೆ ಹೋಗಿದ್ದ ದಿನ ಅವರು ಆ ಪ್ರಿಂಟು ಹಾಕಿದರು. ಕತ್ತಲೆ ಕೋಣೆಯ ಕೆಂಪು ದೀಪದಡಿ, ಟ್ರೇಯ ನೀರಿನಲ್ಲಿ ಬಿಳಿ ಕಾಗದ ಅಲುಗಾಡುತ್ತಿತ್ತು. “ಬಾರೇ, ಬಾ, ನೋಡೇಬುಡ್ತೀನಿ,” ಎಂದು ಸವತಿಯೊಂದಿಗೆ ಬಾಯಿಬಿಟ್ಟು ಮಾತಾಡಿದ್ದು ನೆನಪಿದೆ. ಕೂದಲು ಬಂತು, ಹುಬ್ಬು ಬಂತು, ಗಾಯ ಬಂತು, ಕಣ್ಣು ಬಂತು. ಟಚಿಂಗಿನ ಪೆನ್ಸಿಲು ಕೈಯಳತೆಯಲ್ಲೇ ಇತ್ತು. ಮುಟ್ಟಲಿಲ್ಲ.

ಮನೆಯ ಗೋಡೆಯ ಹಳೆಯ ಪಟ ಇಳಿಸಿ ಹೊಸದನ್ನು ಹಾಕಿದಾಗ ಚಿಕ್ಕಬೀರಮ್ಮ ಎಲೆಅಡಿಕೆ ಕುಟ್ಟುತ್ತಿದ್ದರು. ಎದ್ದು ಬಂದು ಗಾಜಿನ ಮೇಲೆ, ಹುಬ್ಬಿನ ಜಾಗಕ್ಕೆ ಹೆಬ್ಬೆಟ್ಟು ಇಟ್ಟರು. “ಅವ್ಳೇ ಕಣವ್ವಾ... ಅವ್ಳೇಯ.” ಆಮೇಲೆ ಪಟವನ್ನೇ ಕೇಳಿದರು. “ಉಂಡ್ಯೇನವ್ವಾ ಮಗಾ?”

ಸಂಜೆ ಉಮಾಶಂಕರ ಬಂದರು. ಕಾಲು ತೊಳೆದು ಒಳಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು. ಹೆಗಲ ಮೇಲಿನ ಬ್ಯಾಗು ಇಳಿಸುವುದನ್ನೂ ಮರೆತರು. ಎಷ್ಟೋ ಹೊತ್ತಿನ ಮೇಲೆ ಹಿತ್ತಲಿಗೆ ಹೋದವರು ಬಡಿಸಿಟ್ಟ ಮುದ್ದೆ ತಣ್ಣಗಾದರೂ ಒಳಗೆ ಬರಲಿಲ್ಲ. ಸುಧಾ ಅಡುಗೆಮನೆಯ ಬಾಗಿಲಿಗೆ ಒರಗಿ ಆ ಕಡೆಗೇ ನೋಡುತ್ತ ನಿಂತಿದ್ದರು.

“ಕೆಟ್ಟದಾಗ್ ಮಾಡಿದ್ರೆ ಇಂಗಾಯ್ತಿರ್ನಿಲ್ಲ. ಚೆನ್ನಾಗ್ ಮಾಡಿ ನನ್ ಕೈ ನಾನೇ ಸುಟ್ಕಂಡೆ ಕಣ್ರೀ. ಆಮೇಲೆ ಒಳೀಕೆ ಬಂದಾಗ ಕೇಳುದೆ, ಹೆಂಗೈತೆ ಅಂತ. ‘ಉಬ್ಬಿನ ಹತ್ರ ಚೆನ್ನಾಗಿ ಫೋಕಸ್ ಆಗದೆ’ ಅಂದ್ರು. ಅಷ್ಟೇಯ. ಒಂದ್ ಕಡೆ ಅವ್ರ ತಲೆ ಮೇಲೆ ನೀರು ಸುರೀಬೇಕು ಅನ್ನುಸ್ತು. ಇನ್ನೊಂದ್ ಕಡೆ ಖುಷೀನೂ ಆಯ್ತು. ಅವ್ರು ಕೆಲಸದ ವಿಷ್ಯದಲ್ಲಿ ಸುಳ್ ಯೋಳಾಕಿಲ್ಲ.”

ಮಾರನೆಯ ಬೆಳಿಗ್ಗೆ ಉಮಾಶಂಕರ ತಾವೇ ಎನ್‌ಲಾರ್ಜರಿನ ಕಂಬವನ್ನು ಅಲುಗದ ಹಾಗೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದರು. ಇನ್ನು ಕಾಪಿ ಕೆಲಸವೆಲ್ಲ ನಿನ್ನದೇ ಎಂದರು. ಅಂದಿನಿಂದ ಇಂದಿನವರೆಗೆ ಅದು ಸುಧಾ ಅವರದೇ.

ಇಳಿಸಿದ ಹುಣಸೂರಿನ ಪಟ ಈಗ ಸ್ಟುಡಿಯೋದಲ್ಲಿದೆ. ಅದರ ಪಕ್ಕ ತಮ್ಮದೊಂದು ಸಣ್ಣ ಪ್ರಿಂಟು ಇಟ್ಟು, ಬಂದವರಿಗೆ ಸುಧಾ ಎರಡನ್ನೂ ತೋರಿಸುತ್ತಾರೆ. ಹಿಂಗೆ ಬೇಕೋ, ಅಂಗೆ ಬೇಕೋ? ಅರ್ಧಕ್ಕರ್ಧ ಜನ ನುಣ್ಣಗಿನದನ್ನೇ ಕೇಳುತ್ತಾರೆ. ಕೇಳಿದವರಿಗೆ ಪೆನ್ಸಿಲು ಹಿಡಿದು ನುಣ್ಣಗೆ ಮಾಡಿಯೂ ಕೊಡುತ್ತಾರೆ, ಆದರೆ ಮುಖ ಚೂರು ಗಂಟು ಹಾಕಿಕೊಂಡೇ. ಕಂಪಲಾಪುರದ ನಂಜಯ್ಯ ಎರಡನ್ನೂ ನೋಡಿ, “ನಮ್ಮವ್ವನ್ ಮುಖದಲ್ಲಿ ಸಿಡುಬಿನ ಕಲೆ ಇತ್ತು, ಇರ್ಲಿ ಬುಡವ್ವಾ,” ಎಂದರು. ಸುಧಾ ತಮ್ಮ ಲೋಟದ ಟೀಯನ್ನೇ ನಂಜಯ್ಯನವರ ಕೈಗೆ ಕೊಟ್ಟರು.

ಈಗ ಹುಣಸೂರಿನಲ್ಲಿ ಸ್ಕ್ಯಾನರು, ಕಂಪ್ಯೂಟರು ಬಂದಿವೆ. ಗುಂಡಿ ಒತ್ತಿದರೆ ಮುಖ ದೊಡ್ಡದಾಗುತ್ತದೆ, ಹಳೆಯ ರವಿಕೆಯ ಜಾಗಕ್ಕೆ ರೇಷ್ಮೆ ಸೀರೆ ಬರುತ್ತದೆ. ಪಿರಿಯಾಪಟ್ಟಣದಿಂದಲೂ ಕೆಲವರು ಆ ಕಡೆ ಹೋಗತೊಡಗಿದ್ದಾರೆ. ನೋಡಿದ್ದೀರಾ ಎಂದರೆ ಸುಧಾ ಕಣ್ಣು ಕಿರಿದು ಮಾಡುತ್ತಾರೆ. “ನೋಡ್ದಲೆ ಇರ್ತೀನಾ? ಹೋಗಿ, ಕಾಫಿ ಕುಡ್ಕಂಡು, ಕೂತ್ಕಂಡ್ ನೋಡ್ಕಂಡ್ ಬಂದೆ. ಮೂರ್ ದಿನ ನಿದ್ದೆ ಬರ್ನಿಲ್ಲ.”

ಮನೆಯಲ್ಲಿ ದೇವೀರಮ್ಮನ ಪಟಕ್ಕೆ ಪ್ರತಿ ಪಿತೃಪಕ್ಷಕ್ಕೂ ಈಗ ಸುಧಾ ಅವರೇ ಹಾರ ಹಾಕುತ್ತಾರೆ. ಚಿಕ್ಕಬೀರಮ್ಮ ಹೋಗಿ ಎರಡು ವರ್ಷವಾಯಿತು. ಹಾರ ಸರಿಪಡಿಸುವಾಗ ಹುಬ್ಬು ಮುಚ್ಚದ ಹಾಗೆ ಹೂವನ್ನು ಒಂದು ಬೆರಳು ಆಚೆಗೆ ಸರಿಸುತ್ತಾರೆ. ಹಾಗೆಂದು ಎಲ್ಲ ಸರಿಹೋಯಿತೇ ಎಂದು ಯಾರೂ ಕೇಳಬಾರದು. ಗಂಡ ಆ ಗೋಡೆಯ ಕಡೆ ಮುಖ ಮಾಡಿ ಊಟಕ್ಕೆ ಕೂತರೆ ಸುಧಾ ಇವತ್ತಿಗೂ ಎಲೆಯನ್ನು ಪಟಕ್ಕೆ ಬೆನ್ನಾಗುವ ಹಾಗೆ ತಿರುಗಿಸಿ ಹಾಕುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದಾಗ ಅವರು ಲೆನ್ಸಿನ ಮೇಲಿನ ಧೂಳನ್ನು ಸೆರಗಿನ ತುದಿಯಲ್ಲಿ ಒರೆಸುತ್ತಿದ್ದರು. ಒಳಗೆ ಉಮಾಶಂಕರ ಯಾರದೋ ಮದುವೆಯ ಆಲ್ಬಮ್ಮು ಅಂಟಿಸುತ್ತಿದ್ದರು. ಗಂಡನಿಗೂ ಕೇಳಲಿ ಎಂಬಂತೆ ಸುಧಾ ದನಿ ಏರಿಸಿದರು.

“ಒಂದೇ ಒಂದೈತೆ. ನಾಳೆ ನಾನ್ ಹೋದ್ರೆ ನನ್ ಪಟಾನ ಅವ್ಳ ಪಕ್ಕಕ್ಕೆ ಮಾತ್ರ ಹಾಕಬ್ಯಾಡಿ. ಬಂದೋರೆಲ್ಲ ಹೋಲ್ಸಿ ನೋಡ್ತಾರೆ. ಎದುರುಗೋಡೆಗೆ ಹಾಕಿ. ಇಬ್ರೂ ಮುಖಾಮುಖಿ ನೋಡ್ಕಂಡಿರ್ತೀವಿ. ಅವ್ಳು ಯಾವಾಗ್ ನಗ್ತಾಳೆ ಅಂತ ಈ ಮನೇಲಿ ನಂಗೊಬ್ಳಿಗೇ ಸರ್ಯಾಗ್ ಗೊತ್ತಾಗೋದು.”